ಎರಡಡಿ ನೀರು

ಮಂಗಳವಾರ ಕತ್ತರಿಗೆ ರಜೆ.
ಗೋಪಾಳದಿಂದ ಸಿಟಿ ಬಸ್ಸು ಹಿಡಿದು
ಗಾಂಧಿಬಜಾರಿನ ಸಂದಿಯಲ್ಲಿರುವ
ಲಿಗೋರಿಯ ಮೀನಿನಂಗಡಿಗೆ ಹೋದೆ.
ಹೊರಗೆ ಮಟಮಟ ಮಧ್ಯಾಹ್ನ, ಒಳಗೆ ನೀಲಿ ರಾತ್ರಿ,
ಮೂವತ್ತು ತೊಟ್ಟಿಗಳ ಗುಳುಗುಳು.

"ಎರಡಡಿಯದೊಂದು ಸಾಕು" ಅಂದೆ, "ಸಲೂನಿಗೆ.
ಕಾಯುವವರ ಕಣ್ಣಿಗೊಂದು ಕೆಲಸ.
ಟೀವಿ ಇಟ್ಟರೆ ಪಾರ್ಟಿ ಜಗಳ.
ಹೋದ ಚುನಾವಣೆಯಲ್ಲಿ ಒಬ್ಬರು
ಅರ್ಧ ಗಡ್ಡದಲ್ಲೇ ಎದ್ದು ಹೋದರು,
ನೊರೆ ಸಮೇತ."

ಲಿಗೋರಿ ನಗಲಿಲ್ಲ.
"ನೀರು ಯಾವುದು?"
"ನಲ್ಲಿಯದು. ತುಂಗೆ."
"ಮೆದು ನೀರು. ಕುಡಿಯೋಕೆ ಸೈ.
ಗಪ್ಪಿ, ಮೋಲಿಗೆ ಗಡಸು ಬೇಕು,
ಅವನ್ನ ಬೋರ್‌ವೆಲ್ಲಿನವರಿಗೆ ಕೊಡ್ತೇನೆ."

ನಾನು ಬೆರಳು ತೋರಿಸುತ್ತ ಹೋದೆ,
ಅವನು ತಲೆಯಾಡಿಸುತ್ತ ಬಂದ.
ಗೋಲ್ಡ್‌ಫಿಶ್? "ತಂಪಿನ ಪ್ರಾಣಿ,
ತಿಂದದ್ದಕ್ಕಿಂತ ಹೇತದ್ದೇ ಹೆಚ್ಚು."
ಏಂಜೆಲ್? "ಚೆಂದವೇ. ಬಾಯಿಗೆ ಹಿಡಿಯುವುದೆಲ್ಲ ಅದಕ್ಕೆ ಊಟ.
ಸಂಜೆ ಹತ್ತಿದ್ದ ನಿಯಾನು ಬೆಳಿಗ್ಗೆ ಎಂಟು."
ಗಾಜು ನೆಕ್ಕುವ ಸಕ್ಕರು? "ಈಗ ಬೆರಳುದ್ದ.
ಎರಡು ವರ್ಷ ತಡೀರಿ, ಮೊಣಕೈ."
ಪಟ್ಟೆ ಪಟ್ಟೆ ಟೈಗರ್ ಬಾರ್ಬು?
"ಅವನದು ನಿಮ್ಮದೇ ಕಸುಬು.
ಉದ್ದ ಬಾಲ ಕಂಡರೆ ಟ್ರಿಮ್ ಮಾಡ್ತಾನೆ.
ಕೇಳದೆ."

ನನ್ನ ತಂಗಿಯ ಜಾತಕ ಹಿಡಿದ ಜೋಯಿಸರೂ
ಇಷ್ಟು ಸಂಬಂಧ ಮುರಿದಿರಲಿಲ್ಲ.

ಗಲ್ಲಾದ ಪಕ್ಕ, ಹಾರ್ಲಿಕ್ಸ್ ಬಾಟಲಿಯಲ್ಲಿ
ಒಬ್ಬನೇ ಇದ್ದ.
ಕಡುನೀಲಿ ಮೈ, ನೆರಿಗೆ ನೆರಿಗೆ ರೆಕ್ಕೆ,
ಯಾರಿಗೂ ಬಾಗದ ಮೋರೆ.
"ಇವನು" ಅಂದೆ. "ಇವನೊಬ್ಬ ಸಾಕು."
"ಫೈಟರು. ಬೇರೆಯವರಿಗೆ ಕೊಟ್ಟೇನು, ನಿಮಗಿಲ್ಲ."
"ಯಾಕೆ, ದುಡ್ಡಿಲ್ಲವೇ?"
"ನಿಮ್ಮಂಗಡಿಯಲ್ಲಿ ಎದುರಿಗೂ ಕನ್ನಡಿ, ಹಿಂದೆಯೂ ಕನ್ನಡಿ.
ಎಷ್ಟು ಜನರ ಜೊತೆ ಅಂತ ಹೊಡೆದಾಡ್ತಾನೆ ಪಾಪ?"
ತೋರಿಸಲು ಪಾಕೆಟಿನಿಂದ ಪುಟ್ಟ ಕನ್ನಡಿ ತೆಗೆದು ಹಿಡಿದ.
ಕಿವಿರು ಕೊಡೆಯಂತೆ ಬಿಚ್ಚಿಕೊಂಡು
ನುಗ್ಗಿತು ಮೀನು, ಗಾಜಿಗೆ ಟಣ್ ಎಂದಿತು,
ಮತ್ತೆ ನುಗ್ಗಿತು.
"ಸಾಕು, ತೆಗಿ" ಅಂದೆ.
ನನ್ನ ದನಿ ಇಷ್ಟು ಗಟ್ಟಿಯಾಗಬೇಕಿರಲಿಲ್ಲ.

ಬರುವಾಗ ಬಸ್ಸಿನಲ್ಲಿ ಯಾಕೋ ಲೆಕ್ಕ:
ಯಲ್ಲೇಶಿ ಎಂಟು ತಿಂಗಳಿದ್ದ,
ದಾನಿಯಪ್ಪ ಒಂದು ದೀಪಾವಳಿ,
ಹಾಲೇಶ ನಾಲ್ಕೇ ವಾರ.
ಎರಡನೆಯ ಕುರ್ಚಿಯ ಮೇಲೆ
ಅಂದಿನಿಂದ ಟವೆಲ್ಲಿನ ರಾಶಿ.

ಲಿಗೋರಿ ಹೇಳಿದ ಹಾಗೆಯೇ ಮಾಡಿದೆ.
ಬಕೆಟ್ಟಿನ ನೀರು ರಾತ್ರಿಯಿಡೀ ತೆರೆದಿಟ್ಟು ಸುರಿದೆ,
ಮರಳು, ಬೇರು, ಒಂದಿಷ್ಟು ಪಾಚಿ.
ಮೀನು ಬಿಡದೆ ನಾಲ್ಕು ಮಂಗಳವಾರ.
"ನೀರೂ ಹಣ್ಣಾಗಬೇಕು" ಅಂದಿದ್ದ.
ಗಿರಾಕಿಗಳು ಬರೀ ನೀರು ನೋಡುತ್ತ ಕೂತರು,
ಯಾವ ಮೀನು ಬರಬೇಕೆಂದು ಜಗಳವಾಡಿದರು,
ಪಾರ್ಟಿ ಮರೆತರು.

ಐದನೆಯ ವಾರ ಬಂದವು
ಎಂಟು ನಿಯಾನು, ತಳ ಗುಡಿಸಲು ಆರು ಕೋರಿ.
ಮೇಲಿನವು ಮೇಲೆ, ಕೆಳಗಿನವು ಕೆಳಗೆ,
ಒಂದರ ದಾರಿಗೆ ಒಂದು ಅಡ್ಡ ಬರದೆ.
ಕನ್ನಡಿಯ ಹತ್ತಿರ ಬಂದಾಗಲೆಲ್ಲ
ನಿಯಾನುಗಳು ಒಂದಿಷ್ಟು ನಿಲ್ಲುತ್ತವೆ.
ಆಚೆ ಇನ್ನೂ ಎಂಟು.
ಹೆದರುವುದಿಲ್ಲ. ಜೊತೆಗೇ ತಿರುಗಿ ಹೊರಡುತ್ತವೆ.

ಮೊನ್ನೆ ಒಂದು ಸತ್ತಿತು, ಕಾರಣ ಗೊತ್ತಾಗಲಿಲ್ಲ.
ಲಿಗೋರಿಗೆ ಫೋನು ಮಾಡಿದೆ.
"ಏಳಿದ್ದರೆ ಚಿಂತೆಯಿಲ್ಲ" ಅಂದ.
ಇಟ್ಟ ಮೇಲೆ, ಕೈಯಲ್ಲಿ ಫೋನು ಇದ್ದೇ ಇತ್ತಲ್ಲ,
ಹಾಲೇಶನ ನಂಬರು ಹುಡುಕಿದೆ.
ರಿಂಗಾಯಿತು, ಎತ್ತಲಿಲ್ಲ.

ಟವೆಲುಗಳನ್ನು ಮಡಿಚಿ ಕಪಾಟಿನಲ್ಲಿಟ್ಟಿದ್ದೇನೆ.
ಕುರ್ಚಿಯ ತಿರುಗಣಿ ಕಿರುಗುಟ್ಟುತ್ತದೆ,
ಎಣ್ಣೆ ಬಿಡಬೇಕು.
ನಾಳೆ ಹೇಗೂ ಮಂಗಳವಾರ.